ಸಲಹಾ ಪೆಟ್ಟಿಗೆಗೆ ಬೀಳದ ಚೀಟಿಗಳು

ಒಂದು ಪ್ರಶ್ನೆ ಬಹಳ ದಿನದಿಂದ ತಲೆ ಕೊರೆಯುತ್ತಿದೆ. ತೋಟದಲ್ಲಿ, ಗದ್ದೆಯಲ್ಲಿ, ಕೊಟ್ಟಿಗೆಯಲ್ಲಿ ಅಷ್ಟೊಂದು ತಲೆ ಓಡಿಸುವ ನಮ್ಮ ಜನ ಕೆಲಸದ ಜಾಗದ ಗೇಟು ದಾಟಿದ ಕೂಡಲೇ ಯಾಕೆ ಸುಮ್ಮನಾಗಿಬಿಡುತ್ತಾರೆ?

ನಾನಿರುವುದು ಶಿವಮೊಗ್ಗದ ಫೌಂಡ್ರಿಯೊಂದರಲ್ಲಿ. ಭದ್ರಾವತಿ ರಸ್ತೆಯಲ್ಲಿ ಓಡಾಡುವವರಿಗೆ ಗೊತ್ತಿರುತ್ತದೆ, ಮಾಚೇನಹಳ್ಳಿ ಕಡೆ ಇಂಥ ಶೆಡ್ಡುಗಳು ಬೇಕಾದಷ್ಟಿವೆ. ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವುದು, ತಣಿದ ಮೇಲೆ ಅಚ್ಚು ಒಡೆದು ಬಿಡಿಭಾಗ ತೆಗೆಯುವುದು, ಇಷ್ಟೇ ಕೆಲಸ. ಒಂದು ವಿಭಾಗದ ಮೂರೂ ಶಿಫ್ಟಿನ ಹೊಣೆ ನನ್ನದು. ಹುಡುಗರು ಅಂತ ಕರೆದರೂ ಅವರಲ್ಲಿ ಕೆಲವರು ನನಗಿಂತ ದೊಡ್ಡವರು. ರಿಪ್ಪನ್‌ಪೇಟೆ, ಆಯನೂರು, ತೀರ್ಥಹಳ್ಳಿ, ಹೊಳೆಹೊನ್ನೂರು ಕಡೆಯಿಂದ ಬರುತ್ತಾರೆ. ಕೆಲವರ ಅಪ್ಪ, ಅಜ್ಜ ಭದ್ರಾವತಿ ಕಾರ್ಖಾನೆಯಲ್ಲಿ ದುಡಿದವರು. 1923ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿದ ಆ ಕಾರ್ಖಾನೆ ಸುತ್ತಲಿನ ಕಾಡಿನ ಸೌದೆಯನ್ನು ಇದ್ದಿಲು ಮಾಡಿ ಕುಲುಮೆ ಉರಿಸಿತು. ಕಲ್ಲಿದ್ದಲು ಸಿಗದ ಊರಲ್ಲಿ ಕಬ್ಬಿಣ ತೆಗೆದ ಜನರ ಮೊಮ್ಮಕ್ಕಳು ಇವರು.

ನಮ್ಮ ಕ್ಯಾಂಟೀನ್ ಬಾಗಿಲ ಪಕ್ಕ ಬೀಗ ಹಾಕಿದ ಒಂದು ಸಲಹಾ ಪೆಟ್ಟಿಗೆ ಇದೆ. ತಿಂಗಳಿಗೊಮ್ಮೆ ತೆಗೆಯುತ್ತಾರೆ. ಒಳಗೆ ಸಿಗುವ ಚೀಟಿಗಳಲ್ಲಿ ಎರಡನೇ ಶಿಫ್ಟಿನ ಬಸ್ಸು ಬೇಗ ಬಿಡಿ, ಚಿತ್ರಾನ್ನದ ಜೊತೆ ಚಟ್ನಿ ಕೊಡಿ, ಹರಿದ ಶೂ ಬದಲಾಯಿಸಿ ಅಂತ ಇರುತ್ತದೆ. ಎಲ್ಲವೂ ನ್ಯಾಯವಾದ ಮಾತೇ. ಆದರೆ ಪೆಟ್ಟಿಗೆ ಇಟ್ಟವರು ಬಯಸಿದ್ದು ಬೇರೆ. ಎರಕದ ಕೆಲಸ ಸುಧಾರಿಸುವ ಒಂದು ಹೊಸ ಯೋಚನೆಯಾದರೂ ಬರಲಿ ಅಂತ ಅವರ ಆಸೆ. ಅದು ಬರುವುದಿಲ್ಲ. ಮೀಟಿಂಗಿನಲ್ಲಿ ಯಾರಾದರೊಬ್ಬರು ‘ನಮ್ಮವರಿಗೆ ಇನ್ನೋವೇಶನ್ ಮನಸ್ಥಿತಿಯೇ ಇಲ್ಲ, ಒಂದು ಟ್ರೇನಿಂಗ್ ಕೊಡಿಸೋಣ’ ಅನ್ನುತ್ತಾರೆ. ಈ ಮಾತು ಕೇಳಿದಾಗೆಲ್ಲ ನನಗೆ ಬೇಸರವಾಗುತ್ತದೆ. ಯಾಕೆಂದರೆ ಅದು ನಿಜವಲ್ಲ.

ಬಗ್ಗುವ ಜಾಲರಿ

ನಮ್ಮ ಕೋರ್ ಶಾಪಿನ (ಬಿಡಿಭಾಗದ ಒಳಗಿನ ಟೊಳ್ಳಿಗೆ ಬೇಕಾದ ಮರಳಿನ ಕೋರ್ ಮಾಡುವ ಜಾಗ) ಹಿರಿಯರೊಬ್ಬರ ಮನೆ ರಿಪ್ಪನ್‌ಪೇಟೆಯಿಂದ ಸ್ವಲ್ಪ ಒಳಗೆ. ಅಡಿಕೆ ಕೊಯ್ಲಿನ ಹೊತ್ತಿಗೆ ಒಮ್ಮೆ ಹೋಗಿದ್ದೆ. ಅಂಗಳದ ಒಂದು ಬದಿ ಸುಲಿಯುವ ಯಂತ್ರ ಓಡುತ್ತಿತ್ತು. ಇನ್ನೊಂದು ಬದಿ ಒಲೆಯ ಮೇಲೆ ದೊಡ್ಡ ತಾಮ್ರದ ಹಂಡೆ, ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸುವ ಒಗರು ಕಷಾಯದಲ್ಲಿ, ಅಡಿಕೆ ಬೇಯುತ್ತಿತ್ತು. ಬೇಯಿಸಿದವರಿಗೆ ಈ ಕೆಲಸದ ಕಷ್ಟ ಗೊತ್ತು. ಬೆಂದ ಅಡಿಕೆಯನ್ನು ತೂತಿನ ಸೌಟಿನಿಂದ ಮೊಗೆದು ಮೊಗೆದು ಬುಟ್ಟಿಗೆ ಹಾಕಬೇಕು. ಹಬೆ ಮುಖಕ್ಕೆ ಹೊಡೆಯುತ್ತದೆ, ಕುದಿಯುವ ಚೊಗರು ಮೊಣಕೈವರೆಗೂ ಸಿಡಿಯುತ್ತದೆ. ಮೊದಲು ಹಾಕಿದ ಸೌಟಿನ ಅಡಿಕೆಗೂ ಕೊನೆಯದಕ್ಕೂ ಬೇಯುವುದರಲ್ಲಿ ಹೆಚ್ಚುಕಮ್ಮಿ ಆಗುತ್ತದೆ, ಬಣ್ಣದಲ್ಲೂ ಗೊತ್ತಾಗುತ್ತದೆ.

ಅವರು ಸೌಟು ಹಿಡಿಯಲೇ ಇಲ್ಲ. ಹಂಡೆಯೊಳಗೆ ಕಬ್ಬಿಣದ ಜಾಲರಿಯ ಒಂದು ಬುಟ್ಟಿ ಕೂತಿತ್ತು. ಅದಕ್ಕೆ ಎರಡು ಬದಿ ಗಟ್ಟಿ ಕಿವಿ. ಮೇಲೆ ತೊಲೆಗೆ ಕಟ್ಟಿದ ಸರಪಳಿ ರಾಟೆ. ಸರಪಳಿ ಎಳೆದರು, ಬುಟ್ಟಿ ನಿಧಾನಕ್ಕೆ ಮೇಲೆದ್ದಿತು, ಚೊಗರು ಸೋರಿ ಹಂಡೆಗೇ ಇಳಿಯಿತು. ಆಮೇಲೆ ಪಕ್ಕಕ್ಕೆ ಸರಿಸಿ ಒಂದು ಚಕ್ರ ತಿರುಗಿಸಿದರು. ಬುಟ್ಟಿ ಬಗ್ಗಿ ಬೆಂದ ಅಡಿಕೆಯೆಲ್ಲ ಒಂದೇ ಸಲ ತಟ್ಟಿಯ ಮೇಲೆ ಸುರಿಯಿತು. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅದು ನಮ್ಮ ಲ್ಯಾಡಲ್! ಫೌಂಡ್ರಿಯಲ್ಲಿ ಕರಗಿದ ಕಬ್ಬಿಣ ಹೊತ್ತು ತಂದು ಅಚ್ಚಿನ ಬಾಯಿಗೆ ಬಗ್ಗಿಸಿ ಹೊಯ್ಯುವ ಪಾತ್ರೆ ಇದೆಯಲ್ಲ, ಅದರ ಕಿವಿ, ಅದರ ಚಕ್ರ, ಅದರ ಲೆಕ್ಕಾಚಾರ ಎಲ್ಲವನ್ನೂ ಅವರು ದಿನಾ ನೋಡಿ ನೋಡಿ ಮನೆಗೆ ತಂದಿದ್ದರು. ಬುಟ್ಟಿಯ ತೂಕ ಒಂದೇ ಕಡೆ ವಾಲದಂತೆ ಕಿವಿಯನ್ನು ನಡುಭಾಗಕ್ಕಿಂತ ಎಷ್ಟು ಮೇಲೆ ಬೆಸೆಯಬೇಕು ಅಂತ ಕಂಡುಕೊಳ್ಳಲು ಒಂದು ಇಡೀ ಕೊಯ್ಲು ಹಿಡಿಯಿತಂತೆ. ಮೊದಲ ಚೌಕಟ್ಟು ಬಾಗಿ ಒಂದು ಹಂಡೆ ಅಡಿಕೆ ಅಂಗಳದ ಪಾಲಾಯಿತಂತೆ. ಅವರ ಹೆಂಡತಿ ಕಾಫಿ ಕೊಡುತ್ತಾ ಮೊಣಕೈ ತೋರಿಸಿದರು. ‘ಎರಡು ವರ್ಷ ಆಯ್ತು ನೋಡಿ, ಹೊಸ ಸುಟ್ಟ ಕಲೆ ಒಂದೂ ಇಲ್ಲ’ ಅಂದರು. ಪಕ್ಕದ ಮನೆಯವರು ಅಳತೆ ತೆಗೆದುಕೊಂಡು ಹೋಗಿ ತಮ್ಮಲ್ಲೂ ಮಾಡಿಸಿದ್ದಾರೆ.

ನಾನು ಕೇಳಿದೆ, ‘ನಮ್ಮ ಕೋರ್ ಶಾಪಿನಲ್ಲಿ ಆ ಭಾರದ ಬಾಕ್ಸು ದಿನಾ ಇಬ್ಬರು ಎತ್ತಿ ಮಗುಚುತ್ತಾರಲ್ಲ, ಅಲ್ಲೂ ಇದನ್ನೇ ಮಾಡಬಹುದಿತ್ತಲ್ವಾ?’

‘ಮಾಡಬಹುದಿತ್ತು ಸಾರ್’ ಅಂದರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, ‘ಇಲ್ಲಿ ಕೆಟ್ರೆ ನನ್ ಹಂಡೆ ಕೆಡುತ್ತೆ. ಅಲ್ಲಿ ಕೆಟ್ರೆ ಮೆಮೊ ಬರುತ್ತೆ.’

ಈ ಒಂದು ಮಾತಿನಲ್ಲಿ ಎಷ್ಟು ವಿಷಯ ಇದೆ ಅಂತ ಆಮೇಲೆ ಯೋಚಿಸುತ್ತಾ ಹೋದೆ. ಮನೆಯಲ್ಲಿ ಅವರಿಗೆ ಯಾರ ಅಪ್ಪಣೆಯೂ ಬೇಡ. ಬೆಳಿಗ್ಗೆ ಬೆಸೆದದ್ದು ಸರಿಯೋ ತಪ್ಪೋ ಅಂತ ಸಂಜೆ ಹಂಡೆಯೇ ಹೇಳುತ್ತದೆ. ಕೆಟ್ಟರೆ ಎಷ್ಟು ನಷ್ಟ ಅಂತ ಮೊದಲೇ ಗೊತ್ತು, ಒಂದು ಹಂಡೆ ಅಡಿಕೆ. ಅದನ್ನು ತಾಳಿಕೊಳ್ಳುವ ತೀರ್ಮಾನವೂ ಅವರದ್ದೇ. ಗೆದ್ದರೆ ಹೆಂಡತಿಯ ಕೈ ಸುಡುವುದು ತಪ್ಪುತ್ತದೆ. ಕಾರ್ಖಾನೆಯಲ್ಲಿ ಈ ಯಾವುದೂ ಇಲ್ಲ. ಕೆಟ್ಟರೆ ನಷ್ಟ ಎಷ್ಟು ಅಂತ ಅವರಿಗೆ ಯಾರೂ ಹೇಳಿಲ್ಲ. ಗೆದ್ದರೆ ಲಾಭ ಯಾರಿಗೆ ಅಂತಲೂ ಹೇಳಿಲ್ಲ. ಹೀಗಿರುವಾಗ ಸುಮ್ಮನಿರುವುದೇ ಬುದ್ಧಿವಂತರ ಲಕ್ಷಣ. ಆ ಮನುಷ್ಯನ ತಲೆಯನ್ನು ದೂರುವ ಬದಲು ನಮ್ಮ ಲೆಕ್ಕದ ಪುಸ್ತಕ ನೋಡಿಕೊಳ್ಳಬೇಕು.

ರಾತ್ರಿ ಪಾಳಿಯ ಗುಟ್ಟು

ಜುಲೈ ಬಂದರೆ ನಮಗೆ ಒಂದು ತಲೆನೋವು. ಎರಕದಲ್ಲಿ ಗಾಳಿ ತೂತು ಜಾಸ್ತಿಯಾಗುತ್ತದೆ. ಇದಕ್ಕೆ ಕಾರಣ ಹೊಸದೇನಲ್ಲ. ಬಿಡಿಭಾಗದ ಒಳಗಿನ ಟೊಳ್ಳು ಬರಲು ಅಚ್ಚಿನೊಳಗೆ ಮರಳಿನ ಕೋರ್ ಇಡುತ್ತೇವೆ. ಮರಳಿಗೆ ಸೋಡಿಯಂ ಸಿಲಿಕೇಟ್ ಕಲೆಸಿ, ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಅದು ಗಟ್ಟಿಯಾಗುತ್ತದೆ. ಆದರೆ ಇಂಥ ಕೋರ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ! ತೇವದ ಕೋರ್ ಮೇಲೆ ಕರಗಿದ ಕಬ್ಬಿಣ ಬಿದ್ದರೆ ಹಬೆ ಏಳುತ್ತದೆ. ಹೊರಗೆ ಹೋಗಲು ದಾರಿ ಸಿಗದ ಹಬೆ ಲೋಹದೊಳಗೇ ಗುಳ್ಳೆಯಾಗಿ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಮೆಷಿನಿಂಗ್ ಮಾಡುವಾಗ ಬಾಯಿ ಬಿಡುತ್ತದೆ.

ಒಂದು ವರ್ಷ ಒಂದು ವಿಚಿತ್ರ ಕಂಡಿತು. ರಾತ್ರಿ ಪಾಳಿಯಲ್ಲಿ ಹೊಯ್ದ ಎರಕದಲ್ಲಿ ತೂತು ಕಡಿಮೆ. ರಾತ್ರಿ ತೇವ ಜಾಸ್ತಿ ಅಲ್ವಾ, ಉಲ್ಟಾ ಆಗಬೇಕಿತ್ತು. ಮೀಟಿಂಗಿನಲ್ಲಿ ಒಬ್ಬರು ಕರೆಂಟಿನ ವೋಲ್ಟೇಜ್ ಅಂದರು, ಇನ್ನೊಬ್ಬರು ಮರಳಿನ ಲೋಡ್ ಬೇರೆ ಇರಬೇಕು ಅಂದರು. ರಾತ್ರಿ ಪಾಳಿಯವರನ್ನು ಕೇಳಿದರೆ ‘ಎಂತದೂ ಇಲ್ಲ ಸಾರ್, ಮಾಮೂಲಿ’ ಅನ್ನುವ ಉತ್ತರ.

ಕುಲುಮೆಯ ರಿಪೇರಿ ಅಂತ ಒಂದು ರಾತ್ರಿ ನಾನೂ ಉಳಿದುಕೊಂಡೆ. ತಗಡಿನ ಮೇಲೆ ಮಳೆ ಎಷ್ಟು ಜೋರು ಅಂದರೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಎರಡರ ಚಹಾ ಮುಗಿದ ಮೇಲೆ ಒಬ್ಬ ಹೆಲ್ಪರ್ ಹುಡುಗ ಕೋರ್ ಇಟ್ಟ ರ‍್ಯಾಕನ್ನು ತಳ್ಳಿಕೊಂಡು ಹೊರಟ. ಗುತ್ತಿಗೆಯವನು, ಹೊಸನಗರದ ಕಡೆಯವನು. ನೆಲದ ಮೇಲೆ ಹಳದಿ ಗೆರೆ ಎಳೆದಿದ್ದೇವೆ, ರ‍್ಯಾಕು ಆ ಗೆರೆ ದಾಟಬಾರದು ಅಂತ ನಿಯಮ. ಇವನು ದಾಟಿಸಿದ. ಲ್ಯಾಡಲ್ ಕಾಯಿಸುವ ಜಾಗದ ಹತ್ತಿರ ತಂದು ನಿಲ್ಲಿಸಿದ. ತೆರೆದ ಬದಿಗೆ ಹಳೇ ಗೋಣಿಚೀಲ ಇಳಿಬಿಟ್ಟ. ಆಮೇಲೆ ತಿರುಗಿ ನೋಡಿದವನು ನನ್ನನ್ನು ಕಂಡು ನಿಂತುಬಿಟ್ಟ.

‘ಯಾಕೆ’ ಅಂತ ಕೇಳಿದರೆ ಅವನು ಏನು ಹೇಳುತ್ತಿದ್ದ ಅಂತ ನನಗೆ ಗೊತ್ತಿತ್ತು. ‘ಸಾರಿ ಸಾರ್’ ಅಂದು ರ‍್ಯಾಕು ವಾಪಸ್ ತಳ್ಳುತ್ತಿದ್ದ, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಎರಡನೇ ರ‍್ಯಾಕಿಗೆ ನಾನೂ ಕೈ ಕೊಟ್ಟೆ. ಗೆರೆ ದಾಟಿಸಿ ಗೋಡೆಗೆ ಒತ್ತಿ ನಿಲ್ಲಿಸಲು ಹೋದಾಗ ತಡೆದ. ‘ಅಷ್ಟು ಹತ್ರ ಬೇಡ ಸಾರ್. ಒಂದ್ ಮೊಳ ಬಿಡ್ಬೇಕು. ಹತ್ರ ಇಟ್ರೆ ಅಂಚು ಪುಡಿ ಆಗುತ್ತೆ.’ ಆಮೇಲೆ ಮಾತು ತಾನಾಗಿ ಬಂತು. ಅವನ ಮನೆಯಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಬಚ್ಚಲ ಒಲೆಯ ಮೇಲೆ ಬಿದಿರು ಕಟ್ಟಿ. ಒಲೆಗೆ ತೀರಾ ಹತ್ತಿರ ಕಟ್ಟಿದರೆ ಬಟ್ಟೆ ಸುಡುತ್ತದೆ, ಹೊಗೆ ಹಿಡಿಯುತ್ತದೆ. ಎಷ್ಟು ಎತ್ತರ ಅನ್ನೋದು ಅಮ್ಮನಿಗೆ ಗೊತ್ತು. ಇವನು ಅದನ್ನೇ ಇಲ್ಲಿ ಮಾಡಿ ನೋಡಿದ್ದ. ಬೆಳಗಿನ ಜಾವ ಐದಕ್ಕೆ ರ‍್ಯಾಕುಗಳನ್ನೆಲ್ಲ ಗೆರೆಯೊಳಗೆ ತಂದು ನಿಲ್ಲಿಸಿ, ಗೋಣಿಚೀಲ ಮಡಚಿ ಮೂಲೆಗೆ ಇಡುತ್ತಿದ್ದ. ಮೊದಲ ಪಾಳಿಯ ಸೂಪರ್‌ವೈಸರ್ ಬರುವ ಹೊತ್ತಿಗೆ ಎಲ್ಲ ಚೊಕ್ಕ.

ರಾತ್ರಿ ಪಾಳಿಯ ಎಲ್ಲರಿಗೂ ಇದು ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಇನ್ನೋವೇಶನ್ ಬೇಕು ಅಂತ ಪೆಟ್ಟಿಗೆ ಇಟ್ಟವರಿಗೆ ಮಾತ್ರ.

ಹೇಳಬಹುದಿತ್ತಲ್ಲ ಅಂದೆ. ಅವನ ಉತ್ತರ ನಾನು ಊಹಿಸಿದ್ದಲ್ಲ. ಮೆಮೊ ಬರುತ್ತದೆ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ಹೇಳಿದ್ದು, ‘ಹೇಳಿದ್ರೆ ನಾಳೆಯಿಂದ ಮೂರೂ ಪಾಳಿ ರ‍್ಯಾಕ್ ತಳ್ಳೋದು ನನ್ ಕೆಲಸ ಆಗುತ್ತೆ ಸಾರ್.’ ಅಂದರೆ ಸೋಲಿನ ಭಯಕ್ಕಿಂತ ಗೆಲುವಿನ ಭಯ ದೊಡ್ಡದು. ಒಳ್ಳೆಯ ಯೋಚನೆ ಕೊಟ್ಟವರ ತಲೆ ಮೇಲೇ ಆ ಕೆಲಸವನ್ನು ಹೊರಿಸಿ ಕೈ ತೊಳೆದುಕೊಳ್ಳುವುದು ಎಷ್ಟೊಂದು ಆಫೀಸುಗಳಲ್ಲಿ ನಡೆಯುತ್ತದೆ ಅಲ್ವಾ? ‘ನೀವೇ ಹೇಳಿದ್ದು, ನೀವೇ ಮಾಡಿ.’ ಎರಡನೇ ಸಲ ಯಾರು ಬಾಯಿ ಬಿಡುತ್ತಾರೆ?

ಮೈಲುತುತ್ತ, ಸುಣ್ಣ ಮತ್ತು ಕತ್ತಿ

ಇಲ್ಲಿ ನಮ್ಮ ತೋಟದ ಕಥೆಯೊಂದನ್ನು ಹೇಳಲೇಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯದ ಮನೆ ಮಲೆನಾಡಿನಲ್ಲಿ ಕಡಿಮೆ. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಇದು ನಮಗೆಲ್ಲ ಬಾಯಿಪಾಠ. ಅದರ ಹುಟ್ಟು ಹೇಗೆ ಅನ್ನುವುದು ಅಷ್ಟು ಜನಕ್ಕೆ ಗೊತ್ತಿರಲಿಕ್ಕಿಲ್ಲ.

ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಿಗೆ 19ನೇ ಶತಮಾನದ ಕೊನೆಯಲ್ಲಿ ಬೂಜು ತುಪ್ಪಟ ರೋಗ ಬಂದು ಬಳ್ಳಿಗಳು ಎಲೆ ಉದುರಿಸಿ ನಿಂತಿದ್ದವು. 1882ರಲ್ಲಿ ಪಿಯೆರ್ ಮಿಲಾರ್ಡೆ ಅನ್ನುವ ಸಸ್ಯವಿಜ್ಞಾನಿ ತೋಟದ ಪಕ್ಕ ನಡೆದು ಹೋಗುವಾಗ ಒಂದು ಸಂಗತಿ ಗಮನಿಸಿದ. ರಸ್ತೆ ಅಂಚಿನ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿತ್ತು. ವಿಚಾರಿಸಿದರೆ, ದಾರಿಹೋಕರು ದ್ರಾಕ್ಷಿ ಕದಿಯದೆ ಇರಲಿ ಅಂತ ರೈತರು ಆ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬಳಿದಿದ್ದರು. ವಿಷದಂತೆ ಕಾಣಲಿ ಅನ್ನುವ ಉದ್ದೇಶ, ಅಷ್ಟೇ. ಮಿಲಾರ್ಡೆ ಅಲ್ಲಿಂದ ಹಿಡಿದು ಪ್ರಯೋಗ ಮಾಡಿ 1885ರಲ್ಲಿ ತನ್ನ ಕೆಲಸ ಪ್ರಕಟಿಸಿದ. ಮದ್ದು ತೋಟದ ಅಂಚಿನಲ್ಲಿ ಅವನಿಗಿಂತ ಮೊದಲೇ ಇತ್ತು. ಅದನ್ನು ಬಳಿದವರಿಗೆ ಅದು ಮದ್ದು ಅಂತ ಗೊತ್ತಿರಲಿಲ್ಲ. ‘ಇಲ್ಲಿ ಮಾತ್ರ ಯಾಕೆ ಹಸಿರಿದೆ’ ಅಂತ ನಿಂತು ನೋಡಿದ್ದು ಅವನ ದೊಡ್ಡತನ. ಗೆರೆ ದಾಟಿದ ರ‍್ಯಾಕನ್ನು ನಿಯಮ ಮುರಿದ ಸಾಕ್ಷಿ ಅಂತ ನೋಡಬಹುದು, ರಸ್ತೆ ಅಂಚಿನ ಹಸಿರು ಬಳ್ಳಿ ಅಂತಲೂ ನೋಡಬಹುದು. ಮುಂದಾಳಿಗೆ ಎರಡನೇ ನೋಟ ಬೇಕು.

ಇದು ಮಲೆನಾಡಿಗೆ ಬಂದ ಬಗೆಯೂ ಮುಖ್ಯ. 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಕೆಲಸಕ್ಕೆ ಸೇರಿದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನು ಹತ್ತಿ, ಅಡಿಕೆ ತೋಟಗಳಿಗೆ ಬೋರ್ಡೋ ಸಿಂಪಡಣೆಯನ್ನು ತಂದರು. ಅದಕ್ಕೆ ಮೊದಲು ನಮ್ಮ ಹಿರಿಯರು ಮಳೆ ನೀರು ತಾಕದಂತೆ ಒಂದೊಂದು ಅಡಿಕೆ ಗೊನೆಗೂ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದರು. ಪ್ರತಿ ಮರ ಏರಿ, ಪ್ರತಿ ಗೊನೆಗೂ ಕಟ್ಟುವುದು ಅಂದರೆ ಎಂಥಾ ಶ್ರಮ ಅಂತ ಯೋಚಿಸಿ. ಮಳೆ ಮತ್ತು ರೋಗದ ಸಂಬಂಧವನ್ನು ಅವರು ಆಗಲೇ ಸರಿಯಾಗಿ ಹಿಡಿದಿದ್ದರು ಅನ್ನುವುದಕ್ಕೆ ಕೊಟ್ಟೆಯೇ ಸಾಕ್ಷಿ. ಹೊಸ ಮದ್ದು ಬಂದು ಕೂತದ್ದು ಆ ತಿಳಿವಳಿಕೆಯ ಮೇಲೆ.

ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದದ್ದು ಕತ್ತಿ. ದ್ರಾವಣ ಸರಿಯಾಗಿದೆಯಾ ಅಂತ ನೋಡಲು ಚೊಕ್ಕ ಮಾಡಿದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತೇವೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ ಅಂತ ಅರ್ಥ. ಸುಣ್ಣದ ತಿಳಿ ಇನ್ನಷ್ಟು ಹಾಕಬೇಕು. ಹಾಗೇ ಹೊಡೆದರೆ ಎಳೆ ಕಾಯಿ ಸುಡುತ್ತದೆ. ಈ ಪರೀಕ್ಷೆಗೆ ಲ್ಯಾಬು ಬೇಡ, ಯಜಮಾನರು ಬೇಡ. ಡ್ರಮ್ಮಿನ ಹತ್ತಿರ ನಿಂತು ಕಲಕುವ ಹುಡುಗನೇ ‘ಅಯ್ಯಾ, ಇನ್ನೂ ಕೆಂಪು ಬರ್ತಿದೆ, ಹೊಡೆಯೋದು ಬೇಡ’ ಅನ್ನಬಹುದು. ಅಂದರೆ ತೋಟದ ಯಜಮಾನರೂ ಕೇಳಲೇಬೇಕು. ಮಾತು ಯಾರದು ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ, ಅಲಗು ಏನು ತೋರಿಸುತ್ತದೆ ಅನ್ನುವುದಷ್ಟೇ ಲೆಕ್ಕ.

ತಂಡದಲ್ಲಿ ಹೊಸತು ಹುಟ್ಟಬೇಕು ಅನ್ನುವವರು ಮೊದಲು ಕೊಡಬೇಕಾದದ್ದು ಇದನ್ನೇ ಅಂತ ನನ್ನ ನಂಬಿಕೆ. ಸರಿ ತಪ್ಪು ನೋಡುವ ಸಾಧನ ಕೆಲಸ ಮಾಡುವವರ ಕೈಯಲ್ಲೇ ಇರಬೇಕು. ನಮ್ಮಲ್ಲಿ ಕೋರಿನ ಗಟ್ಟಿತನ ಅಳೆಯುವ ಸಣ್ಣ ಉಪಕರಣ ಲ್ಯಾಬಿನ ಬೀರುವಿನಲ್ಲಿ ಇರುತ್ತಿತ್ತು. ಈಗ ಕೋರ್ ಶಾಪಿನ ಗೋಡೆಯ ಮೊಳೆಗೆ ನೇತುಹಾಕಿದ್ದೇವೆ. ಯಾರು ಬೇಕಾದರೂ ಗೀರಿ ನೋಡಬಹುದು. ಜಪಾನಿನ ಟೊಯೊಟಾ ಕಾರ್ಖಾನೆಯ ಹಗ್ಗದ ಬಗ್ಗೆ ಬಹಳ ಜನ ಕೇಳಿರುತ್ತೀರಿ. ಲೈನಿನಲ್ಲಿ ನಿಂತ ಯಾವುದೇ ಕೆಲಸಗಾರ ತಪ್ಪು ಕಂಡರೆ ಹಗ್ಗ ಎಳೆದು ಕರೆಯಬಹುದು, ಬೇಕಾದರೆ ಲೈನೇ ನಿಲ್ಲುತ್ತದೆ. ಹಗ್ಗ ಕಟ್ಟುವುದು ಸುಲಭ. ಎಳೆದವನ ಹತ್ತಿರ ಓಡಿ ಬರುವ ಸೂಪರ್‌ವೈಸರ್ ಯಾವ ಮುಖ ಹೊತ್ತು ಬರುತ್ತಾನೆ ಅನ್ನುವುದರ ಮೇಲೆ ಆ ಹಗ್ಗ ಮುಂದೆಯೂ ಎಳೆಯಲ್ಪಡುತ್ತದಾ ಇಲ್ವಾ ಅಂತ ತೀರ್ಮಾನವಾಗುತ್ತದೆ.

ತೀರಾ ಚೊಕ್ಕವಾದ ರಿಜಿಸ್ಟರು

1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರ ಎಣಿಕೆ. ಅಂಕಿ ಅಂಶ ತೋರಿಸಿದ್ದು ತಿರುವುಮುರುವು. ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ ದಾಖಲಾಗಿತ್ತು. ಹತ್ತಿರದಿಂದ ನೋಡಿದಾಗ ಕಾರಣ ತಿಳಿಯಿತು. ಆ ತಂಡಗಳು ತಪ್ಪನ್ನು ಜಾಸ್ತಿ ಮಾಡುತ್ತಿರಲಿಲ್ಲ, ಬಾಯಿ ಬಿಟ್ಟು ಹೇಳುತ್ತಿದ್ದವು. ಉಳಿದ ತಂಡಗಳಲ್ಲಿ ತಪ್ಪು ಮುಚ್ಚಿಹೋಗುತ್ತಿತ್ತು. ಹೇಳಿದರೆ ತನಗೆ ಏನೂ ಆಗುವುದಿಲ್ಲ ಅನ್ನುವ ಧೈರ್ಯ ತಂಡದಲ್ಲಿ ಇದೆಯಾ ಇಲ್ಲವಾ ಅನ್ನುವುದರ ಮೇಲೆ ಅವರು ಮುಂದೆ 1999ರಲ್ಲಿ ಪ್ರಕಟಿಸಿದ ಸಂಶೋಧನೆ ಇವತ್ತು ಮ್ಯಾನೇಜ್‌ಮೆಂಟ್ ಓದುವವರೆಲ್ಲ ಓದುವಂಥದ್ದು.

ಇದನ್ನು ಓದಿದ ಮೇಲೆ ನಮ್ಮ ಶಿಫ್ಟ್ ರಿಜಿಸ್ಟರುಗಳನ್ನು ಬೇರೆ ಕಣ್ಣಿನಿಂದ ನೋಡಲು ಶುರುಮಾಡಿದೆ. ಒಂದು ಪಾಳಿಯ ಪುಟಗಳಲ್ಲಿ ತೊಂದರೆ ಅನ್ನುವ ಕಾಲಂ ಸದಾ ‘ಇಲ್ಲ’. ಇನ್ನೊಂದರಲ್ಲಿ ಗೀಚಿ ಗೀಚಿ ಬರೆದಿರುತ್ತದೆ: ಬೆಂಟೊನೈಟ್ (ಅಚ್ಚಿನ ಮರಳಿಗೆ ಕಲೆಸುವ ಜೇಡಿಮಣ್ಣು) ಚೀಲ ಒದ್ದೆ, ಮರಳು ಕೈಗೆ ಅಂಟುತ್ತಿದೆ, ಗ್ಯಾಸ್ ಒತ್ತಡ ಬೀಳುತ್ತಿದೆ. ತಿಂಗಳ ಸಭೆಯಲ್ಲಿ ಚೊಕ್ಕ ರಿಜಿಸ್ಟರಿನ ಪಾಳಿಗೆ ಶಹಬ್ಬಾಸ್ ಸಿಗುತ್ತಿತ್ತು. ಆದರೆ ನನಗೆ ಏನಾದರೂ ಕಲಿಸುತ್ತಿದ್ದದ್ದು ಗೀಚಿದ ರಿಜಿಸ್ಟರು. ಮಳೆ ಹಿಡಿದ ವಾರ ಶೆಡ್ಡಿನಲ್ಲಿ ಒಂದೂ ತೊಂದರೆ ಇಲ್ಲ ಅಂತ ಯಾರಾದರೂ ಬರೆದರೆ ಈಗ ನಾನು ಹೋಗಿ ಅವರ ಜೊತೆ ನಿಲ್ಲುತ್ತೇನೆ.

ರ‍್ಯಾಕಿನ ವಿಷಯಕ್ಕೆ ಬರುತ್ತೇನೆ. ಮರುದಿನವೇ ಮೀಟಿಂಗಿನಲ್ಲಿ ಸ್ಲೈಡ್ ಹಾಕಿ ಮೂರೂ ಪಾಳಿಗೆ ನಿಯಮ ಮಾಡಬಹುದಿತ್ತು. ಹಾಗೆ ಮಾಡಿದ್ದರೆ ಹುಡುಗನಿಗೆ ಗೆರೆ ದಾಟಿದ ಅಪವಾದ ಬರುತ್ತಿತ್ತು, ರ‍್ಯಾಕು ತಳ್ಳುವ ಕೆಲಸ ಅಂಟಿಕೊಳ್ಳುತ್ತಿತ್ತು, ಉಳಿದ ಪಾಳಿಯವರು ಬೇಕಂತಲೇ ಗೋಡೆಗೆ ಒತ್ತಿ ಇಟ್ಟು ಕೋರ್ ಪುಡಿಯಾಯಿತು ಅನ್ನುತ್ತಿದ್ದರು. ಮೊದಲು ಅವನನ್ನೇ ಕೇಳಿದೆ, ಈ ವಿಷಯ ಹೊರಗೆ ಹೇಳಲಾ ಅಂತ. ಎರಡು ಷರತ್ತು ಹಾಕಿದ. ಗೆರೆ ದಾಟಿದ್ದನ್ನು ತಪ್ಪು ಅಂತ ಬರೆಯಬಾರದು. ರ‍್ಯಾಕು ತಳ್ಳಲು ಪ್ರತಿ ಪಾಳಿಗೂ ಬೇರೆ ಆಳು ಬೇಕು. ಎರಡೂ ನ್ಯಾಯವೇ. ಒಪ್ಪಿಕೊಂಡೆ.

ಆಮೇಲೆ ರಿಜಿಸ್ಟರಿನಲ್ಲಿ ‘ಪ್ರಯೋಗ’ ಅಂತ ಒಂದು ಹೊಸ ಕಾಲಂ ಎಳೆದೆವು. ಒಂದೇ ಬಿಡಿಭಾಗ, ಅರ್ಧ ಕೋರ್ ಬೆಚ್ಚಗಿನ ಜಾಗದಲ್ಲಿ, ಅರ್ಧ ಮಾಮೂಲಿ ರ‍್ಯಾಕಿನಲ್ಲಿ. ಅಚ್ಚಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಗುರುತು. ಈ ಕಾಲಮ್ಮಿನಲ್ಲಿ ಬರುವ ರಿಜೆಕ್ಷನ್ ಶಿಫ್ಟಿನ ಲೆಕ್ಕಕ್ಕೆ ಬರುವುದಿಲ್ಲ, ನನ್ನ ಲೆಕ್ಕಕ್ಕೆ ಬರುತ್ತದೆ ಅಂತ ಬರೆದು ಸಹಿ ಹಾಕಿದೆ. ಆ ಸಹಿಯಿಂದ ಆದ ಬದಲಾವಣೆ ದೊಡ್ಡದು. ಶಿಫ್ಟಿನ ರಿಜೆಕ್ಷನ್ ಮೇಲೆ ಇನ್ಸೆಂಟಿವ್ ನಿಂತಿರುವಾಗ ‘ಧೈರ್ಯವಾಗಿ ಪ್ರಯತ್ನ ಮಾಡಿ’ ಅಂತ ಭಾಷಣ ಮಾಡಿದರೆ ಯಾರು ತಮ್ಮ ಸಂಬಳ ಪಣಕ್ಕಿಟ್ಟು ಪ್ರಯತ್ನ ಮಾಡುತ್ತಾರೆ? ಹಾಗೆ ನೋಡಿದರೆ ಫೌಂಡ್ರಿಯಲ್ಲಿ ಸೋಲು ಅಷ್ಟೇನೂ ದುಬಾರಿ ಅಲ್ಲ. ಕೆಟ್ಟ ಎರಕ ಮತ್ತೆ ಕುಲುಮೆಗೆ ಹೋಗುತ್ತದೆ. ಕರೆಂಟು, ಮರಳು, ಮೈಬೆವರು ಹೋಗುತ್ತದೆ ನಿಜ, ಲೋಹ ಉಳಿಯುತ್ತದೆ. ಇಷ್ಟು ಸೋಲನ್ನು ಮೇಲಿನವರು ಹೊತ್ತುಕೊಂಡರೆ ಕೆಳಗಿನವರ ಕೈ ಬಿಚ್ಚುತ್ತದೆ. ವ್ಯತ್ಯಾಸ ಕಣ್ಣಿಗೆ ಕಾಣುವಂತಿತ್ತು, ಮೆಷಿನ್ ಶಾಪಿನವರೇ ಬಂದು ಸುಣ್ಣದ ಗುರುತಿನ ಮಾಲು ಯಾವುದು ಅಂತ ಕೇಳಿದರು.

ತಾಲೀಮಿಗೆ ಜಾಗ ಎಲ್ಲಿ

ಸಾಗರದ ಹತ್ತಿರದ ಹೆಗ್ಗೋಡಿಗೆ ಆಗಾಗ ನಾಟಕ ನೋಡಲು ಹೋಗುತ್ತೇನೆ. 1949ರಲ್ಲಿ ಹುಟ್ಟಿದ ನೀನಾಸಂ, 1980ರಲ್ಲಿ ಶುರುವಾದ ರಂಗಶಿಕ್ಷಣ ಕೇಂದ್ರ, 1985ರಿಂದ ಊರೂರು ಸುತ್ತುವ ತಿರುಗಾಟ. ಒಂದು ಹಳ್ಳಿ ಇಷ್ಟನ್ನು ಮಾಡಿತು ಅನ್ನುವುದೇ ಹೆಮ್ಮೆ. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗಲೂ ಅವರ ಊರು ಹೆಗ್ಗೋಡೇ.

ನಾಟಕದವರಿಗೆ ತಾಲೀಮು ಇರುತ್ತದೆ. ಅಲ್ಲಿ ಮಾತು ಮರೆಯಬಹುದು, ನಡೆ ಬದಲಿಸಬಹುದು, ಒಂದೇ ದೃಶ್ಯವನ್ನು ನಾಲ್ಕು ಥರ ಮಾಡಿ ಮೂರನ್ನು ಬಿಡಬಹುದು. ತಾಲೀಮಿನಲ್ಲಿ ಎಡವಿದವನಿಗೆ ಯಾರೂ ನೋಟಿಸು ಕೊಡುವುದಿಲ್ಲ, ಅದು ಇರುವುದೇ ಅದಕ್ಕೆ. ನಮ್ಮ ಕಾರ್ಖಾನೆಗಳಲ್ಲಿ, ಬ್ಯಾಂಕುಗಳಲ್ಲಿ, ಸೊಸೈಟಿಗಳಲ್ಲಿ ತಾಲೀಮು ಅನ್ನುವುದೇ ಇಲ್ಲ. ದಿನವೂ ಪ್ರದರ್ಶನ, ದಿನವೂ ಟಿಕೆಟ್ ಕೊಟ್ಟವರು ಎದುರಿಗೆ. ಟಾರ್ಗೆಟ್ಟಿನ ಬೋರ್ಡು ತಲೆ ಮೇಲೆ. ಆ ಬೋರ್ಡಿನ ಕೆಳಗೆ ನಿಂತು ಹೊಸ ನಡೆ ಹಾಕಿ ನೋಡು ಅಂದರೆ ಆಗುವ ಮಾತಲ್ಲ. ಶನಿವಾರ ಎರಡನೇ ಪಾಳಿಯ ಕೊನೆಯ ಹೊತ್ತು ಈಗ ನಮ್ಮಲ್ಲಿ ಟಾರ್ಗೆಟ್ಟಿಗೆ ಸೇರುವುದಿಲ್ಲ. ಇದಕ್ಕೆ ಒಪ್ಪಿಸಲು ಮೇಲಿನವರ ಹತ್ತಿರ ಸಾಕಷ್ಟು ಜಗಳ ಆಡಬೇಕಾಯಿತು. ಆ ಹೊತ್ತಿನಲ್ಲಿ ಯಾರಿಗೆ ಏನು ಮಾಡಿ ನೋಡಬೇಕು ಅನ್ನಿಸುತ್ತದೋ ಮಾಡುತ್ತಾರೆ. ಕೆಲವು ಶನಿವಾರ ಏನೂ ನಡೆಯುವುದಿಲ್ಲ, ಸುಮ್ನೆ ಶೆಡ್ಡು ಗುಡಿಸಿ ಹೋಗುತ್ತಾರೆ. ಅದಕ್ಕೂ ನಾನು ಏನೂ ಅನ್ನುವುದಿಲ್ಲ. ರಿಪ್ಪನ್‌ಪೇಟೆಯ ಹಿರಿಯರು ಒಂದು ಶನಿವಾರ ಕೋರ್ ಬಾಕ್ಸು ಮಗುಚುವ ಚೌಕಟ್ಟಿಗೆ ಕಿವಿ ಬೆಸೆಯಲು ಶುರುಮಾಡಿದರು. ಸ್ಕ್ರ್ಯಾಪಿನಲ್ಲಿ ಬಿದ್ದಿದ್ದ ಒಂದು ಹಳೇ ಚಕ್ರ ಕೇಳಿದರು, ಸ್ಟೋರಿನವರು ಸಹಿ ಕೇಳಿದರು, ನಾನು ಹಾಕಿದೆ.

ಗುತ್ತಿಗೆಯವನ ಹೆಸರು

ಇನ್ನೊಂದು ವಿಷಯ ಬಗೆಹರಿದಿಲ್ಲ, ಅದನ್ನೂ ಬರೆಯಲೇಬೇಕು. ನಮ್ಮಲ್ಲಿ ಒಳ್ಳೆಯ ಸಲಹೆಗೆ ಬಹುಮಾನ ಇದೆ. ಒಂದು ಮೊತ್ತ, ಒಂದು ಸರ್ಟಿಫಿಕೇಟು, ನೋಟಿಸ್ ಬೋರ್ಡಿನಲ್ಲಿ ಫೋಟೊ. ಕಾಯಂ ನೌಕರರಿಗೆ ಮಾತ್ರ. ರ‍್ಯಾಕು ಸರಿಸಿದ ಹುಡುಗ ಕಂಟ್ರಾಕ್ಟರ್ ಕಡೆಯವನು. ಅರ್ಜಿಯಲ್ಲಿ ನೌಕರರ ಸಂಖ್ಯೆ ಬರೆಯುವ ಕಾಲಂ ಇದೆ, ಅವನಿಗೆ ಸಂಖ್ಯೆಯೇ ಇಲ್ಲ. ‘ನಿಮ್ಮ ಹೆಸರಿನಲ್ಲಿ ಹಾಕಿ, ದುಡ್ಡು ಅವನಿಗೆ ಕೊಟ್ಟರಾಯ್ತು’ ಅಂತ ಆಫೀಸಿನಲ್ಲಿ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹಾಗೆ ಮಾಡಲು ನನಗೆ ಮನಸ್ಸು ಬರಲಿಲ್ಲ. ದುಡ್ಡು ಅವನಿಗೆ ಮುಖ್ಯವೇ, ಇಲ್ಲ ಅನ್ನುವುದಿಲ್ಲ. ಆದರೆ ಮುಂದಿನ ಮಳೆಗಾಲದಲ್ಲಿ ಇನ್ನೊಬ್ಬ ಹೆಲ್ಪರ್ ಇನ್ನೊಂದು ದಾರಿ ಕಂಡುಕೊಂಡಾಗ ಬಾಯಿ ಬಿಡಬೇಕಾ ಬೇಡವಾ ಅಂತ ತೀರ್ಮಾನಿಸುವುದು ನೋಟಿಸ್ ಬೋರ್ಡಿನಲ್ಲಿ ಯಾರ ಫೋಟೊ ಬಂತು ಅನ್ನುವುದನ್ನು ನೋಡಿ.

ಶಿವಮೊಗ್ಗದ ಕಾರ್ಖಾನೆಗಳಲ್ಲಿ ಮಣ್ಣು, ಮರಳು, ಬೆಂಕಿಯ ಹತ್ತಿರ ನಿಲ್ಲುವ ಕೆಲಸಕ್ಕೆ ಗುತ್ತಿಗೆಯವರೇ ಜಾಸ್ತಿ ಸಿಗುತ್ತಾರೆ. ಅಂದರೆ ಕೆಲಸವನ್ನು ಅತಿ ಹತ್ತಿರದಿಂದ ಕಾಣುವ ಕಣ್ಣುಗಳೇ ಲೆಕ್ಕದ ಹೊರಗಿವೆ. ಅರ್ಜಿಯಿಂದ ಆ ಸಂಖ್ಯೆಯ ಕಾಲಂ ತೆಗೆಯಿರಿ ಅಂತ ಪತ್ರ ಕೊಟ್ಟಿದ್ದೇನೆ. ಎಚ್‌ಆರ್‌ನವರು ಕಂಟ್ರಾಕ್ಟರ್ ಜೊತೆ ಮಾತಾಡಬೇಕು ಅಂದಿದ್ದಾರೆ, ಕಂಟ್ರಾಕ್ಟರು ಎಚ್‌ಆರ್‌ನವರನ್ನು ಕೇಳಿ ಅಂದಿದ್ದಾರೆ. ಈ ಸೋಮವಾರ ಇಬ್ಬರನ್ನೂ ಒಂದೇ ಮೇಜಿಗೆ ಕರೆದಿದ್ದೇನೆ. ಬೆಚ್ಚಗಿನ ರ‍್ಯಾಕಿಗೆ ಕಾಯಂ ಜಾಗ ಮಾಡುವ ನಕ್ಷೆಯೂ ಅವತ್ತೇ ಚರ್ಚೆಗೆ ಬರುತ್ತದೆ. ಅದನ್ನು ಹುಡುಗನೇ ಪೆನ್ಸಿಲಿನಲ್ಲಿ ಹಾಕಿದ್ದಾನೆ. ಲ್ಯಾಡಲ್ ಕಾಯಿಸುವ ಗೋಡೆಯಿಂದ ಒಂದು ಮೊಳ ಬಿಟ್ಟು ಹೊಸ ಹಳದಿ ಗೆರೆ ಎಳೆದಿದ್ದಾನೆ, ನಕ್ಷೆಯ ಕ್ರಮ ಸಂಖ್ಯೆಯ ಪಕ್ಕ ಅವನ ಹೆಸರಿದೆ. ಆ ಹಾಳೆಯನ್ನು ಹಾಗೇ ಮೀಟಿಂಗಿಗೆ ಒಯ್ಯುತ್ತೇನೆ.